ಕೊಬ್ಬರಿ ಎಣ್ಣೆ ಹಚ್ಚಿದ ಸಮುದ್ರ

ನಮ್ಮ ಮನೆಯ ಸಮುದ್ರ ಡಿಸೆಂಬರಿನ ಒಂದು ಬೆಳಿಗ್ಗೆ ಹೆಪ್ಪುಗಟ್ಟಿತು. ರಾತ್ರಿ ದೀಪ ಆರಿಸುವಾಗ ಕಡುನೀಲಿಯಾಗಿ, ಕೆಂಪು ಹವಳ ಹಳದಿ ಹವಳಗಳ ಸಮೇತ ಹೊಳೆಯುತ್ತಿದ್ದದ್ದು ಬೆಳಗಾಗುವಷ್ಟರಲ್ಲಿ ಬಿಳಿಚಿಕೊಂಡು, ಯಾರೋ ಸುಣ್ಣದ ಕೈ ಒರೆಸಿ ಹೋದ ಹಾಗೆ ಪಟ್ಟೆ ಪಟ್ಟೆಯಾಗಿತ್ತು. ಅದರ ಮುಂದೆ ನಾಲ್ಕು ಗೋಲ್ಡ್‌ಫಿಶ್‌ಗಳು ಏನೂ ಗೊತ್ತಿಲ್ಲದವರ ಹಾಗೆ ಬಾಯಿ ತೆರೆದು ಮುಚ್ಚುತ್ತ ತಿಂಡಿಗೆ ಕಾದಿದ್ದವು. ಮಗಳು ಬ್ರಷ್ ಬಾಯಲ್ಲಿಟ್ಟುಕೊಂಡೇ ಬಂದು ನೋಡಿ, “ಅಪ್ಪಾ, ಸಮುದ್ರಕ್ಕೆ ಬೂಸ್ಟು ಹಿಡಿದಿದೆ” ಎಂದಳು. ಏನು ಹೇಳಲಿ ಎಂದು ಯೋಚಿಸುತ್ತಿರುವಾಗಲೇ ಬಚ್ಚಲಮನೆಯಿಂದ ಅಮ್ಮನ ದನಿ ಕೇಳಿತು: “ಎಣ್ಣೆ ಬಾಟ್ಲಿ ಕಲ್ಲಾಗಿದೆ, ಯಾರಾದ್ರೂ ಬಿಸಿನೀರಲ್ಲಿಡ್ರೋ.”

ಎರಡು ಕಾಯಿಲೆಗೂ ಮೂಲ ಒಂದೇ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಗಟ್ಟಿಯಾಗುತ್ತದೆ. ಬೆಂಗಳೂರಿನ ಚಳಿಗೆ ಅದು ಬಾಟಲಿಯಲ್ಲಿದ್ದರೂ ಒಂದೇ, ಮೀನಿನ ತೊಟ್ಟಿಯ ಹಿಂದಿನ ಗಾಜಿನ ಮೇಲಿದ್ದರೂ ಒಂದೇ. ಸಮುದ್ರಕ್ಕೆ ಕೊಬ್ಬರಿ ಎಣ್ಣೆ ಹಚ್ಚುವ ಬುದ್ಧಿ ನನಗೆ ಯಾಕೆ ಬಂತು ಎಂದು ಹೇಳಬೇಕಾದರೆ ಜೂನ್ ತಿಂಗಳಿಂದ ಶುರು ಮಾಡಬೇಕು.

ಜೂನ್‌ನಲ್ಲಿ ಮಗಳ ಹಟಕ್ಕೆ ಮೂರಡಿಯ ಫಿಶ್ ಟ್ಯಾಂಕ್ ತಂದೆವು. 90 ಸೆಂಟಿಮೀಟರ್ ಉದ್ದ, 30 ಅಗಲ, 45 ಎತ್ತರ. ಹಾಲ್‌ನ ಗೋಡೆಗೆ ಒತ್ತಿ ಸ್ಟ್ಯಾಂಡಿನ ಮೇಲಿಟ್ಟು, ಕಲ್ಲು ಹಾಸಿ, ನೀರು ತುಂಬಿ, ಫಿಲ್ಟರ್ ಹಚ್ಚಿ, ಮೀನು ಬಿಟ್ಟೆವು. ಮೊದಲ ದಿನ ಎಲ್ಲರೂ ಮೀನು ನೋಡಿದರು. ಎರಡನೆಯ ದಿನದಿಂದ ಕಾಣಿಸತೊಡಗಿದ್ದು ಮೀನಿನ ಹಿಂದಿನ ಗೋಡೆ. ಮಾಸಿದ ಸುಣ್ಣ, ಹಳೆಯ ಮೊಳೆಯ ತೂತು, ಸ್ವಿಚ್ ಬೋರ್ಡು, ಅದರಿಂದ ಇಳಿದ ಮೂರು ಕಪ್ಪು ವೈರುಗಳು. ಇಷ್ಟು ವರ್ಷ ಕಣ್ಣಿಗೆ ಬೀಳದಿದ್ದ ಗೋಡೆಯ ಅವಲಕ್ಷಣಗಳಿಗೆಲ್ಲ ನೀರು ಸೇರಿ ಭೂತಗನ್ನಡಿ ಹಿಡಿದಂತಾಗಿತ್ತು. ಗೋಲ್ಡ್‌ಫಿಶ್ ಒಂದು ನಿಧಾನವಾಗಿ ತೇಲಿಬಂದು ಸ್ವಿಚ್ ಬೋರ್ಡಿನ ಮುಂದೆ ನಿಂತರೆ ಕರೆಂಟ್ ಬಿಲ್ ಓದುತ್ತಿದೆಯೇನೋ ಅನ್ನಿಸುತ್ತಿತ್ತು.

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಆಸುಪಾಸಿನಲ್ಲಿ ಮೀನು, ಹಕ್ಕಿ ಮಾರುವ ಅಂಗಡಿಗಳಿವೆಯಲ್ಲ, ಅಲ್ಲಿಗೆ ಹೋದೆ. ನಾನು ‘ಬ್ಯಾಕ್‌ಗ್ರೌಂಡ್’ ಎಂದೆ. ಹುಡುಗ ತಿದ್ದಿದ: “ಸೀನರಿನಾ ಸಾರ್?” ಸೀರೆ ಅಂಗಡಿಯ ಬ್ಲೌಸ್‌ಪೀಸ್ ಥಾನುಗಳ ಹಾಗೆ ಮೂಲೆಯಲ್ಲಿ ಸುರುಳಿಗಳು ನಿಂತಿದ್ದವು. ಅಡಿ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಹಾಳೆಗೆ ಎರಡು ಮುಖ: ಒಂದು ಕಡೆ ನೀಲಿ ಸಮುದ್ರ ಮತ್ತು ಹವಳ, ಇನ್ನೊಂದು ಕಡೆ ಹಸಿರು ಗಿಡ ಮತ್ತು ಬಂಡೆ. “ಇದು ಬೇಜಾರಾದ್ರೆ ತಿರುಗಿಸ್ಕೊಳ್ಳಿ ಸಾರ್.” ಹೇಗೆ ಅಂಟಿಸುವುದು ಎಂದು ಕೇಳಿದ್ದಕ್ಕೆ, “ಟೇಪ್ ಹೊಡೀರಿ, ಅಷ್ಟೇ” ಎಂದು ಮುಂದಿನ ಗಿರಾಕಿಯ ಕಡೆ ತಿರುಗಿದ.

ಮಗಳು ಸಮುದ್ರವನ್ನೇ ಆರಿಸಿದಳು. ಗೋಲ್ಡ್‌ಫಿಶ್ ಎಂದರೆ ನಮ್ಮ ಗೆಂಡೆಮೀನಿನ ಬಳಗದ್ದು. ಚೀನಾದವರು ಕೊಳಗಳಲ್ಲಿ ಸಾಕಿ, ಆರಿಸಿ, ತಳಿ ಮಾಡಿದ ಸಿಹಿನೀರಿನ ಜೀವ. ಹವಳದ ದಿಬ್ಬದ ಉಪ್ಪುನೀರಿಗೆ ಬಿಟ್ಟರೆ ಉಳಿಯುವುದಿಲ್ಲ. ಇದನ್ನು ಹೇಳಿದೆ. “ಅವಕ್ಕೆ ಗೊತ್ತಾಗುತ್ತಾ?” ಎಂದಳು. ಈ ಪ್ರಶ್ನೆಗೆ ಮತ್ತೆ ಬರುತ್ತೇನೆ, ಯಾಕೆಂದರೆ ಇದು ಅಂದುಕೊಂಡಷ್ಟು ಸಣ್ಣದಲ್ಲ.

ಮನೆಗೆ ಬಂದು ನೋಡಿದರೆ ಗೋಡೆಗೂ ತೊಟ್ಟಿಗೂ ನಡುವೆ ಇದ್ದದ್ದು ಎರಡು ಬೆರಳಿನಷ್ಟು ಜಾಗ. ತೊಟ್ಟಿಯಲ್ಲಿ ತುಂಬಿದರೆ 121 ಲೀಟರ್ ನೀರು, ಅಂದರೆ 121 ಕಿಲೋ. ಮೇಲೆ ಗಾಜು, ಕಲ್ಲು. ನೀರಿದ್ದ ಟ್ಯಾಂಕನ್ನು ಎಳೆದರೆ ಗಾಜಿನ ಜೋಡಣೆ ಬಾಯಿ ಬಿಡುತ್ತದೆ, ಅದನ್ನು ಯಾರೂ ಮಾಡಬಾರದು. ಸೀನರಿ ಅಂಟಿಸುವುದು ನೀರು ತುಂಬುವ ಮೊದಲಿನ ಕೆಲಸ ಎಂಬ ಜ್ಞಾನೋದಯ ನನಗೆ ಗೋಡೆಗೆ ಕೆನ್ನೆ ಒತ್ತಿ, ಒಂದು ಕೈ ಸಂದಿಗೆ ತೂರಿಸಿ, ಹಲ್ಲಲ್ಲಿ ಟೇಪ್ ಕಚ್ಚಿಕೊಂಡಿದ್ದಾಗ ಆಯಿತು. ಹೆಂಡತಿ ಆ ಭಂಗಿಯ ಫೋಟೋ ತೆಗೆದಿಟ್ಟುಕೊಂಡಿದ್ದಾಳೆ.

ಅಂತೂ ನಾಲ್ಕು ಮೂಲೆಗೆ ಟೇಪ್ ಬಿತ್ತು. ಮುಂದೆ ಬಂದು ನಿಂತೆ. ಅಂಗಡಿಯಲ್ಲಿ ಕಣ್ಣು ಕುಕ್ಕುತ್ತಿದ್ದ ನೀಲಿ ಇಲ್ಲಿ ಹಳೆಯ ಕ್ಯಾಲೆಂಡರಿನ ಹಾಗೆ ಮಂಕಾಗಿತ್ತು. ಹಾಳೆ ಉಬ್ಬಿದ ಕಡೆ ಬೆಳ್ಳಿಯಂಥ ಹೊಳಪು, ಗಾಜಿಗೆ ತಾಗಿದ ಕಡೆ ಕಪ್ಪು ಮಚ್ಚೆ. ಪಕ್ಕದ ಗಾಜಿನಿಂದ ಓರೆಯಾಗಿ ಇಣುಕಿದರೆ ಸೀನರಿಯೇ ಇಲ್ಲ! ಹಿಂದಿನ ಗೋಡೆ ಪೂರ್ತಿ ಕನ್ನಡಿ. ನಾಲ್ಕು ಮೀನು ಎಂಟಾಗಿದ್ದವು. ವಾರ ಕಳೆಯುವುದರಲ್ಲಿ ಮೇಲಿನ ಅಂಚಿನಿಂದ ನೀರು ಹನಿದು ಹಾಳೆಗೂ ಗಾಜಿಗೂ ನಡುವೆ ಇಳಿಯಿತು. ಆಗ ಒಂದು ವಿಚಿತ್ರ ಕಂಡೆ. ನೀರು ಇಳಿದ ಕಡೆ ಮಾತ್ರ ಹವಳದ ಬಣ್ಣ ಎದ್ದು ಬಂದಿತ್ತು, ಅಂಗಡಿಯಲ್ಲಿ ಕಂಡದ್ದಕ್ಕಿಂತಲೂ ಗಾಢವಾಗಿ. ನೀರು ಆರಿದ ಮೇಲೆ ಬೋರ್‌ವೆಲ್ಲಿನ ಸುಣ್ಣದ ಬಿಳಿ ಗೆರೆಗಳಷ್ಟೇ ಉಳಿದವು.

ಮಳೆಗಾಲದ ಸಂಜೆ ಬಜ್ಜಿ ಕಟ್ಟಿಸಿಕೊಂಡು ಬಂದ ಪೇಪರನ್ನು ದೀಪಕ್ಕೆ ಹಿಡಿದು ನೋಡಿದವರಿಗೆ ಇದರ ಅರ್ಧ ಉತ್ತರ ಗೊತ್ತಿದೆ. ಎಣ್ಣೆ ಕಲೆಯಾದ ಕಡೆ ಪೇಪರು ಪಾರಕವಾಗುತ್ತದೆ, ಆಚೆ ಪುಟದ ಅಕ್ಷರ ಕೂಡ ಕಾಣುತ್ತದೆ. ಎಣ್ಣೆ ಪೇಪರನ್ನು ತೆಳ್ಳಗೆ ಮಾಡಿಲ್ಲ, ನಾರುಗಳ ನಡುವಿನ ಗಾಳಿಯನ್ನು ಹೊರಗೆ ಹಾಕಿದೆ, ಅಷ್ಟೇ. ಬೆಳಕಿಗೆ ತೊಂದರೆ ಕೊಡುವುದು ವಸ್ತುವಲ್ಲ, ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವ ಗಡಿ. ನೀರಿನಿಂದ ಗಾಜಿಗೆ ದಾಟುವಾಗ ಹಿಂದಿರುಗುವ ಬೆಳಕು ನೂರಕ್ಕೆ ಅರ್ಧ ಪಾಲೂ ಇಲ್ಲ. ಗಾಜಿನಿಂದ ಗಾಳಿಗೆ ದಾಟುವಾಗ ನೇರಕ್ಕೆ ನೋಡಿದರೂ ನೂರಕ್ಕೆ ನಾಲ್ಕು ಪಾಲು ವಾಪಸು ಬರುತ್ತದೆ, ಓರೆಯಾದಷ್ಟೂ ಹೆಚ್ಚುತ್ತ ಹೋಗುತ್ತದೆ. ಗಾಜಿಗೂ ಹಾಳೆಗೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಆ ಗಡಿ ಉಳಿಯಿತು. ಬಣ್ಣದ ಮೇಲೆ ಹಾಲಿನ ಕೆನೆಯಂತೆ ಕೂತ ಮಂಕು ಅದರದೇ.

ಕನ್ನಡಿಯ ಸಂಗತಿ ಇನ್ನೂ ಸ್ವಾರಸ್ಯದ್ದು. ನೀರೊಳಗಿಂದ ಗಾಜಿನ ಆಚೆಯ ಗಾಳಿಗೆ ಹೊರಟ ಬೆಳಕು ಸುಮಾರು 48.6 ಡಿಗ್ರಿಗಿಂತ ಓರೆಯಾಗಿದ್ದರೆ ಹೊರಗೆ ಹೋಗುವುದೇ ಇಲ್ಲ, ಪೂರ್ತಿ ಒಳಕ್ಕೇ ತಿರುಗುತ್ತದೆ. ಪಕ್ಕದ ಗಾಜಿನಿಂದ ಹಿಂಬದಿಯನ್ನು ನೋಡುವಾಗ ನಮ್ಮ ನೋಟ ಬಹುಪಾಲು ಆ ಮಿತಿಯ ಆಚೆಗೇ ಬೀಳುತ್ತದೆ. ಅದಕ್ಕೇ ನಾವು ದುಡ್ಡು ಕೊಟ್ಟು ತಂದ ಸಮುದ್ರ ಅಲ್ಲಿಂದ ಮಾಯ. ಗಾಳಿಯನ್ನು ಹೊರಗೆ ಹಾಕಿ, ಆ ಜಾಗಕ್ಕೆ ಗಾಜಿನ ಗುಣಕ್ಕೆ ಹತ್ತಿರವಾದ ಏನನ್ನಾದರೂ ತುಂಬಿದರೆ ಗಡಿಯೇ ಅಳಿಸಿಹೋಗುತ್ತದೆ. ಬೆಳಕನ್ನು ಬಗ್ಗಿಸುವ ಶಕ್ತಿಗೆ ಅಂಕ ಕೊಡುವುದಾದರೆ ಗಾಳಿಗೆ 1, ನೀರಿಗೆ 1.33, ಕಿಟಕಿ ಗಾಜಿಗೆ ಸುಮಾರು 1.52. ಅಡುಗೆಮನೆಯ ಎಣ್ಣೆಗಳು, ಔಷಧಿ ಅಂಗಡಿಯ ಗ್ಲಿಸರಿನ್, ಹರಳೆಣ್ಣೆ ಎಲ್ಲ 1.45ರಿಂದ 1.48ರ ಆಸುಪಾಸು. ನೀರಿಗಿಂತ ಇವು ಗಾಜಿಗೆ ಹತ್ತಿರದ ನೆಂಟರು, ಮೇಲಾಗಿ ಬೇಗ ಆರುವುದಿಲ್ಲ.

ಇಷ್ಟು ತಿಳಿದ ಮೇಲೆ ಕೈಗೆ ಮೊದಲು ಸಿಕ್ಕಿದ್ದು ಅಮ್ಮನ ಕೊಬ್ಬರಿ ಎಣ್ಣೆ. “ನನ್ನ ತಲೆಗೆ ಹಚ್ಚೋದನ್ನ ಮೀನಿನ ಮನೆ ಗೋಡೆಗೆ ಹಚ್ತೀಯೇನೋ?” ಎಂದು ಅಮ್ಮ ಬೈದಳು. ಆದರೆ ಕೆಲಸ ಮುಗಿದ ಮೇಲೆ ಅವಳೂ ಬಂದು ನಿಂತು ನೋಡಿದಳು. ಟೇಪಿನ ಹಾಳೆಯನ್ನೂ ಎಣ್ಣೆಯ ಹಾಳೆಯನ್ನೂ ಒಮ್ಮೆ ನೋಡಿದವರು ಮತ್ತೆ ಟೇಪಿನ ಮಾತೆತ್ತುವುದಿಲ್ಲ. ಹವಳ ಹಾಳೆಯ ಮೇಲಿರಲಿಲ್ಲ, ನೀರೊಳಗಿತ್ತು. ಪಕ್ಕದ ಗಾಜಿನಿಂದಲೂ ಇತ್ತು. ಆಗಸ್ಟಿನಿಂದ ನವೆಂಬರ್ ಕೊನೆಯವರೆಗೆ ಬಂದ ನೆಂಟರಿಗೆಲ್ಲ ನಾನು ಬಜ್ಜಿ ಪೇಪರಿನ ಪಾಠ ಮಾಡಿದೆ. ಆಮೇಲೆ ಡಿಸೆಂಬರ್ ಬಂತು.

ಎರಡನೆಯ ಸಲ ಸರಿಯಾಗಿ ಮಾಡಿದೆ. ಮಾಡಬೇಕೆಂದಿರುವವರಿಗೆ ಉಪಯೋಗವಾದೀತೆಂದು ಹೇಳುತ್ತೇನೆ. ತೊಟ್ಟಿ ಖಾಲಿ ಮಾಡಿ, ಒಂದೂವರೆ ಅಡಿ ಮುಂದಕ್ಕೆ ಎಳೆದುಕೊಂಡೆ. ಗಾಜಿನ ಮೇಲಿನ ಸುಣ್ಣದ ಗೆರೆಗೆ ನಿಂಬೆಹಣ್ಣಿನ ಹೋಳು ಉಜ್ಜಿದರೆ ಬಿಡುತ್ತದೆ, ವಿನೆಗರ್ ಇದ್ದರೂ ಸೈ. ಹೊರಗಿನ ಮೈಗೆ ಮಾತ್ರ. ಹಳೆಯ ಬನಿಯನ್ ಬಟ್ಟೆಯಲ್ಲಿ ಒರೆಸಿ ಒಣಗಿಸಬೇಕು. ಒಂದು ಮರಳಿನ ಕಾಳು ಉಳಿದರೂ ಅದರ ಸುತ್ತ ಡೇರೆ ಹೊಡೆದ ಹಾಗೆ ಗಾಳಿಗುಳ್ಳೆ ನಿಲ್ಲುತ್ತದೆ. ಹಾಳೆಯನ್ನು ಗಾಜಿಗಿಂತ ಒಂದೆರಡು ಮಿಲಿಮೀಟರ್ ಸಣ್ಣದಾಗಿಯೇ ಕತ್ತರಿಸಬೇಕು, ಸರಿಸಮ ಕತ್ತರಿಸಿದರೆ ಅಂಚು ಮಡಚಿ ನೀರು ಎಳೆದುಕೊಳ್ಳುತ್ತದೆ. ಈ ಸಲ ಗ್ಲಿಸರಿನ್ ತಂದೆ. ಚಳಿಗೆ ಗಟ್ಟಿಯಾಗುವುದಿಲ್ಲ, ಜಿಡ್ಡು ವಾಸನೆ ಬರುವುದಿಲ್ಲ, ಬೇಡವೆಂದಾಗ ನೀರಲ್ಲಿ ತೊಳೆದರೆ ಹೋಗುತ್ತದೆ. ಸೂರ್ಯಕಾಂತಿ ಎಣ್ಣೆ ಹಚ್ಚಿದರೆ ಕೆಲವು ತಿಂಗಳಲ್ಲಿ ಒಗ್ಗರಣೆ ಸೌಟಿನ ಹಿಡಿಯ ಹಾಗೆ ಅಂಟಂಟಾಗುತ್ತದೆ. ಗಾಜಿನ ಮೇಲೆ ಗ್ಲಿಸರಿನ್ ಅನ್ನು ದೋಸೆಕಾವಲಿಗೆ ಎಣ್ಣೆ ಸವರಿದಷ್ಟೇ ತೆಳ್ಳಗೆ ಸವರಿ, ಹಾಳೆಯ ಮೇಲಂಚನ್ನು ಮೊದಲು ಕೂರಿಸಿ, ಬಟ್ಟೆ ಸುತ್ತಿದ ಹಳೆಯ ಎಟಿಎಂ ಕಾರ್ಡಿನಿಂದ ನಡುವಿನಿಂದ ಅಂಚಿಗೆ ತಳ್ಳುತ್ತ ಇಳಿಯಬೇಕು. ಇಬ್ಬರಿದ್ದರೆ ಒಳ್ಳೆಯದು. ಒಬ್ಬರು ಹಿಂದೆ ಒತ್ತುತ್ತಿದ್ದರೆ ಇನ್ನೊಬ್ಬರು ಮುಂದೆ ಕೂತು “ಎಡಕ್ಕೆ, ಇನ್ನೂ ಸ್ವಲ್ಪ ಕೆಳಗೆ” ಎನ್ನಬೇಕು. ಗಾಳಿ ಎಲ್ಲಿ ಉಳಿದಿದೆ ಎಂದು ಮುಂದಿನವರಿಗೇ ಕಾಣುವುದು. ಕೊನೆಗೆ ಅಂಚು ಒರೆಸಿ ನಾಲ್ಕೂ ಕಡೆ ಟೇಪ್. ಮೇಲಿನ ಅಂಚಿಗೆ ಎರಡು ಸುತ್ತು, ಏಕೆಂದರೆ ನೀರು ಹನಿಯುವುದು ಅಲ್ಲಿಂದ. ಇನ್ನೊಂದು ಮಾತು: ಸೀನರಿ ಹಾಕಿದ ಮೇಲೆ ಹಿಂದಿನ ವೈರುಗಳು ಕಣ್ಣಿಗೆ ಮರೆಯಾಗುತ್ತವೆ, ಮರೆತೂ ಹೋಗುತ್ತವೆ. ವೈರು ಪ್ಲಗ್ಗಿಗಿಂತ ಕೆಳಗೆ ಇಳಿದು ಬಾಗಿ ಮೇಲೆ ಹೋಗುವಂತಿರಲಿ. ಹಾಗಿದ್ದರೆ ಅದರ ಮೇಲೆ ಜಾರಿ ಬಂದ ನೀರು ನೆಲಕ್ಕೆ ಬೀಳುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ.

ತಮಾಷೆಯೆಂದರೆ ಈ ಹಿಂದಿನ ಗಾಜಿನ ಕಾಟ ಮೊದಲ ಅಕ್ವೇರಿಯಂಗಳ ಅನೇಕ ಒಡೆಯರಿಗೆ ಇರಲೇ ಇಲ್ಲ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯಾ ಗಿಡ, ನೀರ ಬಸವನಹುಳು ಮೂರನ್ನೂ ಒಂದೆಡೆ ಇಟ್ಟು, ಒಂದಕ್ಕೊಂದು ಹೇಗೆ ಬದುಕು ಕೊಡುತ್ತವೆ ಎಂದು ತೋರಿಸಿದ. 1853ರಲ್ಲಿ ಲಂಡನ್ ಪ್ರಾಣಿಸಂಗ್ರಹಾಲಯದ ಮತ್ಸ್ಯಾಲಯ ತೆರೆಯಿತು, ಮರುವರ್ಷ ಫಿಲಿಪ್ ಹೆನ್ರಿ ಗಾಸ್ ‘ದಿ ಅಕ್ವೇರಿಯಂ’ ಪುಸ್ತಕ ಬರೆದು ಆ ಹೆಸರನ್ನೂ ಹುಚ್ಚನ್ನೂ ಮನೆಮನೆಗೆ ಮುಟ್ಟಿಸಿದ. ಆ ಕಾಲದ ಎಷ್ಟೋ ತೊಟ್ಟಿಗಳಲ್ಲಿ ಮುಂದೆ ಮಾತ್ರ ಗಾಜು. ತಳಕ್ಕೂ ಉಳಿದ ಗೋಡೆಗಳಿಗೂ ನಾವು ಬಳಪ ಹಿಡಿದು ಬರೆಯುತ್ತಿದ್ದ ಆ ಸ್ಲೇಟಿನ ಕಲ್ಲು. ಕಪ್ಪು, ತಣ್ಣನೆಯ, ಹೊಳೆಯದ ಹಿನ್ನೆಲೆ ತಾನಾಗಿಯೇ ಇತ್ತು. ಆಮೇಲೆ ಸಿಲಿಕೋನ್ ಅಂಟು ಬಂತು, ಕಬ್ಬಿಣದ ಚೌಕಟ್ಟು ಹೋಯಿತು, ಎಲ್ಲ ಕಡೆಯೂ ಗಾಜೇ ಆಯಿತು. ಹಿಂದಿನ ಗೋಡೆ ಪಾರದರ್ಶಕವಾದದ್ದಕ್ಕೆ ಖುಷಿಪಟ್ಟು, ಕೂಡಲೇ ಅದನ್ನು ಮುಚ್ಚಲು ಸುರುಳಿ ಸುರುಳಿ ಪ್ಲಾಸ್ಟಿಕ್ ಅಚ್ಚು ಹಾಕಲು ಶುರುಮಾಡಿದೆವು.

ಈಗ ಮಗಳ ಪ್ರಶ್ನೆ. ಅವಕ್ಕೆ ಗೊತ್ತಾಗುತ್ತದೆಯೇ? ಹವಳ ಸುಳ್ಳು ಎಂದು ಗೊತ್ತಾಗಲಿಕ್ಕಿಲ್ಲ. ಹಿಂದೆ ಏನೋ ಇದೆ ಎಂದು ಮಾತ್ರ ಖಂಡಿತ ಗೊತ್ತಾಗುತ್ತದೆ. ನಿಕೊ ಟಿನ್‌ಬರ್ಗನ್ ಎಂಬ ಡಚ್ ವಿಜ್ಞಾನಿಯ ಲೈಡನ್ ಪ್ರಯೋಗಾಲಯದಲ್ಲಿ ಸ್ಟಿಕಲ್‌ಬ್ಯಾಕ್ ಎಂಬ ಪುಟ್ಟ ಮೀನುಗಳ ತೊಟ್ಟಿಗಳು ಕಿಟಕಿಯ ಬಳಿ ಇದ್ದವು. ಬೆದೆಗಾಲದಲ್ಲಿ ಈ ಗಂಡುಮೀನಿನ ಹೊಟ್ಟೆ ಕೆಂಪಾಗುತ್ತದೆ, ಕೆಂಪು ಕಂಡರೆ ಎದುರಾಳಿ ಎಂದು ಮೇಲೆ ಬೀಳುತ್ತದೆ. ಹೊರಗೆ ರಸ್ತೆಯಲ್ಲಿ ಕೆಂಪು ಅಂಚೆ ವ್ಯಾನು ಹೋದಾಗಲೆಲ್ಲ ಮೀನುಗಳು ಕಿಟಕಿಯ ಕಡೆಯ ಗಾಜಿಗೆ ನುಗ್ಗುತ್ತಿದ್ದುದನ್ನು ಆತ ಕಂಡ. ಪ್ರಾಣಿವರ್ತನೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಹಂಚಿಕೊಂಡ ಮೂವರಲ್ಲಿ ಒಬ್ಬ ಈತ. ಗಾಜಿನ ಆಚೆಯ ಲೋಕ ಮೀನಿಗೆ ಕಾಣುತ್ತದೆ. ನಮ್ಮ ಸ್ವಿಚ್ ಬೋರ್ಡಿನ ಹತ್ತಿರ ಕೈ ಹೋದಾಗಲೆಲ್ಲ ಗೋಲ್ಡ್‌ಫಿಶ್‌ಗಳು ಚದುರುತ್ತಿದ್ದದ್ದು ನೆನಪಾಯಿತು. ನಮಗೆ ಅಲಂಕಾರವಾದ ಸೀನರಿ ಅವುಗಳಿಗೆ ಬೆನ್ನು ಕಾಯುವ ಗೋಡೆ.

ಓರೆ ನೋಟದ ಕನ್ನಡಿಯೂ ಅವುಗಳ ಪಾಲಿಗೆ ನಮಗಿಂತ ಹೆಚ್ಚು. ನಾವು ಹೊರಗಿದ್ದೇವೆ, ಅವು ಒಳಗೇ ಇವೆ. ಟೇಪಿನ ಸೀನರಿಯಲ್ಲಿ ಮೀನು ಹಿಂಬದಿಯನ್ನು ಓರೆಯಾಗಿ ನೋಡಿದರೆ ಕಾಣುವುದು ಚಿತ್ರವಲ್ಲ, ತನ್ನ ತೊಟ್ಟಿಯದೇ ಪ್ರತಿಬಿಂಬ. ಫೈಟರ್ ಮೀನು ಸಾಕಿದವರು ಕನ್ನಡಿ ತೋರಿಸಿ ಅದು ಕಿವಿರು ಅಗಲಿಸಿ ಕೆರಳುವುದನ್ನು ನೋಡಿರುತ್ತೀರಿ. ಗಾಳಿ ತೆಗೆದು ಅಂಟಿಸಿದ ಹಾಳೆ ಆ ಕಡೆಯ ಕನ್ನಡಿಯನ್ನು ಇಲ್ಲವಾಗಿಸುತ್ತದೆ.

ಇದಕ್ಕಿಂತ ದೊಡ್ಡ ಸಂಗತಿ ಬಣ್ಣದ್ದು. ಮೀನಿನ ಚರ್ಮದಲ್ಲಿ ಕವಲೊಡೆದ ಬಣ್ಣದ ಕೋಶಗಳಿರುತ್ತವೆ. ಕಪ್ಪು ಕಣಗಳು ಕವಲುಗಳ ತುದಿಯವರೆಗೆ ಹರಡಿಕೊಂಡರೆ ಮೈ ಗಾಢವಾಗುತ್ತದೆ, ನಡುವಿಗೆ ಬಂದು ಮುದುಡಿದರೆ ಬಿಳಿಚುತ್ತದೆ, ಮುಟ್ಟಿದರೆ ಮುನಿಯ ಎಲೆ ಬಿಚ್ಚಿ ಮುಚ್ಚುವ ಹಾಗೆ. ಇದನ್ನು ನಡೆಸುವುದು ಕಣ್ಣು: ಮೇಲಿನಿಂದ ಬೀಳುವ ಬೆಳಕೆಷ್ಟು, ಸುತ್ತಲಿಂದ ಮರಳಿ ಬರುವ ಬೆಳಕೆಷ್ಟು ಎಂದು ತೂಗಿ ನೋಡುತ್ತದೆ. ಬಿಳಿ ಪ್ಲಾಸ್ಟಿಕ್ ಟಬ್ಬಿನಲ್ಲಿಟ್ಟ ಅನೇಕ ಮೀನುಗಳು ಅದಕ್ಕೇ ಸಪ್ಪೆಯಾಗಿ ಕಾಣುವುದು. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯಲ್ಲಿದ್ದ ಫ್ರಾನ್ಸಿಸ್ ಸಮ್ನರ್ ಗಂಬೂಸಿಯಾ ಮೀನುಗಳನ್ನು ಕೆಲವನ್ನು ಕಪ್ಪು ತೊಟ್ಟಿಯಲ್ಲಿ, ಕೆಲವನ್ನು ಬಿಳಿ ತೊಟ್ಟಿಯಲ್ಲಿ ಬಹಳ ದಿನ ಇಟ್ಟ. ನಮ್ಮಲ್ಲಿ ಆರೋಗ್ಯ ಇಲಾಖೆಯವರು ಸೊಳ್ಳೆಮರಿ ತಿನ್ನಲೆಂದು ಬಾವಿ ತೊಟ್ಟಿಗಳಿಗೆ ಬಿಡುವುದು ಇದೇ ಗಂಬೂಸಿಯಾ. ಮೀನುಗಳು ಆಯಾ ಬಣ್ಣಕ್ಕೆ ಹೊಂದಿಕೊಂಡ ಮೇಲೆ ಎರಡೂ ಗುಂಪನ್ನು ಬೆರೆಸಿ ಪೆಂಗ್ವಿನ್‌ಗಳಿಗೆ ಬಿಟ್ಟ. ಹಿನ್ನೆಲೆಗೆ ಹೊಂದದ ಬಣ್ಣದವು ಹೆಚ್ಚು ಪಾಲು ಪೆಂಗ್ವಿನ್ ಹೊಟ್ಟೆ ಸೇರಿದವು. 1934ರಲ್ಲಿ ಅದು ಪ್ರಕಟವಾಯಿತು. ಮೀನಿಗೆ ಹಿನ್ನೆಲೆ ಎನ್ನುವುದು ಚಂದದ ಮಾತಲ್ಲ, ಪ್ರಾಣದ ಮಾತು.

ಇದನ್ನೆಲ್ಲ ಓದಿಕೊಂಡ ಮೇಲೆ ನನ್ನ ನೀಲಿ ಸಮುದ್ರದ ಮೇಲೆ ಮೊದಲಿನ ಪ್ರೀತಿ ಉಳಿಯಲಿಲ್ಲ. ಅದೂ ಅಲ್ಲದೆ ಆ ನೀಲಿ ಯಾಕೆ? ಸಮುದ್ರದ ನೀಲಿ ಬರಿಯ ಆಕಾಶದ ಪ್ರತಿಬಿಂಬವಲ್ಲ, ನೀರಿನ ಅಣುಗಳು ಬೆಳಕನ್ನು ಚದುರಿಸುವುದೂ ಅದಕ್ಕೆ ಕಾರಣ ಎಂದು ಸಿ. ವಿ. ರಾಮನ್ 1921ರ ಹಡಗು ಪ್ರಯಾಣದ ಹೊತ್ತಿಗೆ ಪಟ್ಟು ಹಿಡಿದು ತೋರಿಸಿದರು. ಅದಕ್ಕೆ ಆಳ ಬೇಕು. ಒಂದಡಿ ಅಗಲದ ತೊಟ್ಟಿಯಲ್ಲಿ ನೀಲಿ ಎಲ್ಲಿಂದ ಬರಬೇಕು? ನಾನು ಈಜು ಕಲಿತ ಮಲೆನಾಡಿನ ಹಳ್ಳದ ನೀರು ಎಂದೂ ನೀಲಿಯಾಗಿರಲಿಲ್ಲ. ಮಳೆಗಾಲದಲ್ಲಿ ಚಹಾ ಬಣ್ಣ, ಬೇಸಿಗೆಯಲ್ಲಿ ತಿಳಿಹಸಿರು, ದಡದ ಕೆಳಗೆ ಬೇರು ಮತ್ತು ಕತ್ತಲು.

ಆ ಹಳ್ಳವನ್ನೇ ತೊಟ್ಟಿಯ ಹಿಂದೆ ಇಡೋಣ ಎಂದುಕೊಂಡು ಊರಿಗೆ ಹೋದಾಗ ಫೋಟೋ ತೆಗೆದುಕೊಂಡು ಬಂದು ಫ್ಲೆಕ್ಸ್ ಅಂಗಡಿಗೆ ಕೊಟ್ಟೆ. ಅಲ್ಲಿಯ ಹುಡುಗ ಕಂಪ್ಯೂಟರಿನಲ್ಲಿ ಫೋಟೋ ನೋಡಿ, “ಇದರಲ್ಲಿ ಯಾರ ಫೋಟೋ ಕೂರಿಸ್ಬೇಕು ಸಾರ್?” ಎಂದ. ಯಾರದೂ ಇಲ್ಲ ಎಂದರೆ ನಂಬಲಿಲ್ಲ. ಅಂತೂ ಮೂರಡಿಗೆ ಪ್ರಿಂಟ್ ಆಗಿ ಬಂತು, ಗ್ಲಿಸರಿನ್ ಹಚ್ಚಿ ಅಂಟಿಸಿದೆ. ಫಲ ಭಯಂಕರವಾಗಿತ್ತು. ನಮ್ಮ ಮನೆಯೆದುರಿನ ಸಂಕ, ಅದರಾಚೆಯ ಅಡಿಕೆ ಮರಗಳು, ಅವುಗಳ ನೆತ್ತಿಯ ಮೇಲೆ ಎರಡು ಅಡಿಕೆ ಮರದಷ್ಟು ಉದ್ದದ ಗೋಲ್ಡ್‌ಫಿಶ್! ದಡದಿಂದ ತೆಗೆದ ಚಿತ್ರದ ಮುಂದೆ ನೀರಿನ ಜೀವ ಇಟ್ಟರೆ ಆಗುವುದೇ ಹೀಗೆ. ಅಳತೆ ತಪ್ಪಿದ್ದನ್ನು ಕಣ್ಣು ಕ್ಷಮಿಸುವುದಿಲ್ಲ. ನಮ್ಮಪ್ಪ ಅಮ್ಮ ಮದುವೆಯಾದ ಹೊಸತರಲ್ಲಿ ಸ್ಟುಡಿಯೋದಲ್ಲಿ ತೆಗೆಸಿಕೊಂಡ ಫೋಟೋ ಒಂದಿದೆ. ಹಿಂದೆ ಬಣ್ಣದ ಪರದೆಯಲ್ಲಿ ಅರಮನೆಯ ಮೆಟ್ಟಿಲು, ಕೊಳ, ಹಂಸ. ಹಂಸ ಅಪ್ಪನ ಭುಜದಷ್ಟು ಎತ್ತರ. ಆ ಫೋಟೋದಲ್ಲಿ ಎಲ್ಲರೂ ಮೊದಲು ನೋಡುವುದು ಹಂಸವನ್ನು.

ಸ್ನೇಹಿತರೊಬ್ಬರು ಇನ್ನೂ ಮುಂದೆ ಹೋದರು. ಥರ್ಮೊಕೋಲ್ ಕೆತ್ತಿ, ಸಿಮೆಂಟ್ ಬಳಿದು, ಬಂಡೆಯ ಗೋಡೆಯನ್ನೇ ಮಾಡಿ ತೊಟ್ಟಿಯ ಒಳಗೆ ನಿಲ್ಲಿಸಿದರು. ಕೆತ್ತನೆ ಬಹಳ ಚೆನ್ನಾಗಿತ್ತು. ಸಿಮೆಂಟಿನ ಕ್ಷಾರ ಇಳಿಯಲೆಂದು ವಾರಗಟ್ಟಲೆ ನೀರಲ್ಲಿ ನೆನೆಸಿ, ನೀರು ಬದಲಿಸಿ ಎಲ್ಲ ಮಾಡಿದ್ದರು. ಸಿಲಿಕೋನ್ ಹಚ್ಚುವಲ್ಲಿ ಮಾತ್ರ ಕೈ ಬಿಗಿ ಹಿಡಿದರು. 90 ಸೆಂಟಿಮೀಟರ್ ಉದ್ದ, 45 ಎತ್ತರ, 5 ದಪ್ಪದ ಹಲಗೆ ಎಂದರೆ 20 ಲೀಟರ್ ಜಾಗ. ಅಷ್ಟು ಥರ್ಮೊಕೋಲನ್ನು ನೀರಲ್ಲಿ ಮುಳುಗಿಸಿಟ್ಟರೆ ನೀರು ಅದನ್ನು ಸುಮಾರು 20 ಕಿಲೋ ಬಲದಿಂದ ಮೇಲೆ ತಳ್ಳುತ್ತದೆ. ಸಿಮೆಂಟಿನ ಭಾರ ಕಳೆದರೂ ಸಣ್ಣ ಅಕ್ಕಿಚೀಲ ಎತ್ತುವಷ್ಟು ಶಕ್ತಿ ಉಳಿಯುತ್ತದೆ. ಒಂದು ಮಧ್ಯರಾತ್ರಿ ಬಂಡೆ ಗೋಡೆಯಿಂದ ಬಿಡಿಸಿಕೊಂಡು, ಮುಚ್ಚಳ ಹಾರಿಸಿ, ದೀಪದ ಸಮೇತ ಮೇಲೆದ್ದಿತು. ಕಳ್ಳರೆಂದು ದೊಣ್ಣೆ ಹಿಡಿದು ಬಂದವರಿಗೆ ಹಾಲ್ ತುಂಬ ನೀರು. ಒಳಗೆ ಇಡುವ ಗೋಡೆಯನ್ನು ಮೀನಿಗೆ ವಿಷವಾಗದ ಸಿಲಿಕೋನಿನಿಂದ, ಬಚ್ಚಲಿಗೆ ಬಳಸುವ ಶಿಲೀಂಧ್ರನಾಶಕ ಬೆರೆಸಿದ್ದರಿಂದ ಅಲ್ಲ, ಖಾಲಿ ತೊಟ್ಟಿಯ ಗಾಜಿಗೆ ಅಂಚಿನುದ್ದಕ್ಕೂ ಕೂರಿಸಿ, ಹುಳಿ ವಾಸನೆ ಪೂರ್ತಿ ಹೋಗುವವರೆಗೆ ದಿನಗಟ್ಟಲೆ ಬಿಟ್ಟು ಆಮೇಲೆ ನೀರು ಹಾಕಬೇಕು. ಹಿಂದೆ ಸಂದಿ ಉಳಿದರೆ ಮರಿಮೀನು ನುಗ್ಗಿ ಅಲ್ಲೇ ಸಾಯುತ್ತದೆ. ಇಷ್ಟು ಮಾಡಿದ ಮೇಲೂ ಒಂದಡಿ ಅಗಲದ ತೊಟ್ಟಿಯಲ್ಲಿ ಅದು ನುಂಗುವುದು ಮೀನಿನ ಜಾಗವನ್ನೇ. ನನ್ನ ಮಟ್ಟಿಗೆ ಅದು ದೊಡ್ಡ ತೊಟ್ಟಿಯವರ ಆಟ.

ಗಿಡವನ್ನೇ ಹಿನ್ನೆಲೆ ಮಾಡಿಕೊಳ್ಳುವವರೂ ಇದ್ದಾರೆ. ವಾರಿಂಗ್ಟನ್ ಇಟ್ಟಿದ್ದ ವ್ಯಾಲಿಸ್ನೇರಿಯಾದ ಜಾತಿಯವು ನಮ್ಮ ಕೆರೆಗಳಲ್ಲೂ ಬೆಳೆಯುತ್ತವೆ. ಸಾಲಾಗಿ ನೆಟ್ಟರೆ ಕೆಲವು ತಿಂಗಳಲ್ಲಿ ಹಸಿರು ರಿಬ್ಬನ್ನಿನ ಪರದೆ. ಆದರೆ ಗೋಲ್ಡ್‌ಫಿಶ್‌ಗೆ ಗಿಡ ಎಂದರೆ ಊಟ. ಜಲೋದ್ಯಾನದ ಕಲೆಯನ್ನು ಲೋಕಕ್ಕೆ ಹಚ್ಚಿದ ಜಪಾನಿನ ತಕಾಶಿ ಅಮಾನೊ ಅವರ ತೊಟ್ಟಿಗಳ ಚಿತ್ರಗಳನ್ನು ನೋಡಿ: ಮುಂದೆ ಕಾಡು, ಕಲ್ಲು, ಹುಲ್ಲುಗಾವಲು. ಹಿಂದೆ ಬಹುತೇಕ ಏನೂ ಇಲ್ಲ, ಬೆಳಗಿನ ಮಂಜಿನಂಥ ತಿಳಿ ಬೆಳಕು. 2015ರಲ್ಲಿ, ತಾವು ತೀರಿಕೊಳ್ಳುವ ಕೆಲವೇ ತಿಂಗಳ ಮೊದಲು, ಅವರು ಲಿಸ್ಬನ್‌ನ ಮತ್ಸ್ಯಾಲಯಕ್ಕೆ ಮಾಡಿಕೊಟ್ಟ ತೊಟ್ಟಿ 40 ಮೀಟರ್ ಉದ್ದ, 1,60,000 ಲೀಟರಿನದು. ಅಷ್ಟು ದೊಡ್ಡ ರಂಗಕ್ಕೆ ಅವರು ಹಿಂದೆ ಹವಳದ ಚಿತ್ರ ಕಟ್ಟಲಿಲ್ಲ.

ರಂಗ ಎಂದಾಗ ನನಗೆ ಎರಡು ನೆನಪಾಗುತ್ತವೆ. ಒಂದು ಕಂಪನಿ ನಾಟಕ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಕಾಲದಿಂದ ನಮ್ಮವರಿಗೆ ಬರೆದ ಪರದೆಯ ಮೋಹ: ಅರಮನೆಗೆ ಒಂದು, ಬೀದಿಗೆ ಒಂದು, ಕಾಡಿಗೆ ಒಂದು. ಪರದೆ ಸುರುಳಿ ಬಿಚ್ಚಿಕೊಂಡು ಇಳಿದಾಗಲೇ ಜನ ಚಪ್ಪಾಳೆ ತಟ್ಟುತ್ತಿದ್ದರಂತೆ. ಅಂಗಡಿಯ ಸೀನರಿ ಸುರುಳಿ ಆ ವಂಶದ್ದು. ಇನ್ನೊಂದು, ಕೊಯ್ಲಾದ ಗದ್ದೆಯಲ್ಲಿ ನಾನು ಅಜ್ಜನ ಶಾಲಿನೊಳಗೆ ಕೂತು ನೋಡಿದ ಬಯಲಾಟ. ಅಲ್ಲಿ ಹಿಂದೆ ಭಾಗವತರು, ಅವರ ಹಿಂದೆ ಏನಿಲ್ಲ, ರಾತ್ರಿ. ಆ ಕಪ್ಪಿನಿಂದ ಕೆಂಪು ಮುಂಡಾಸು, ಚಿನ್ನದ ಭುಜಕೀರ್ತಿ, ಬಣ್ಣದ ವೇಷದ ಮುಖ ಹೊರಬಂದರೆ ಮೈ ಜುಮ್ಮೆನ್ನುತ್ತಿತ್ತು. ಕಾಡಾಗಲಿ ಅರಮನೆಯಾಗಲಿ ಬರೆದು ತೋರಿಸಬೇಕಾಗಿರಲಿಲ್ಲ. ಇದನ್ನು ನೆನೆಸಿಕೊಂಡ ದಿನವೇ ಮತ್ತೆ ಶಿವಾಜಿನಗರಕ್ಕೆ ಹೋಗಿ, “ಸೀನರಿ ಬೇಡ, ಬರೀ ಕಪ್ಪು ಕೊಡಪ್ಪ” ಎಂದೆ. “ಡಲ್ ಹೊಡಿಯುತ್ತೆ ಸಾರ್” ಎಂದು ಅನುಮಾನದಿಂದಲೇ ಕತ್ತರಿಸಿಕೊಟ್ಟ.

ಕಪ್ಪು ಬಣ್ಣವನ್ನೇ ಹೊರಗಿನಿಂದ ಗಾಜಿಗೆ ಬಳಿಯಬಹುದಿತ್ತು. ಬಣ್ಣ ಗಾಜಿಗೆ ಕಚ್ಚಿಕೊಳ್ಳುವುದರಿಂದ ಗಾಳಿಯ ರಗಳೆಯೇ ಇಲ್ಲ, ಬೇಡವಾದರೆ ಬ್ಲೇಡಿನಲ್ಲಿ ಕೆರೆದರಾಯಿತು. ಆದರೆ ಮೀನಿರುವ ಕೋಣೆಯಲ್ಲಿ ಎನಾಮಲ್ ಬಳಿಯಬಾರದು, ಗಾಳಿ ಪಂಪು ಆ ಘಾಟನ್ನೆಲ್ಲ ಎಳೆದು ನೀರಿಗೆ ತುಂಬುತ್ತದೆ. ನಮ್ಮಲ್ಲಿ ಬೇರೆ ಕೋಣೆ ಇರಲಿಲ್ಲ. ಹಾಗಾಗಿ ಕಪ್ಪು ಹಾಳೆ, ಗ್ಲಿಸರಿನ್, ಎಟಿಎಂ ಕಾರ್ಡು. ಮುಂದೆ ಕೂತು “ಎಡಕ್ಕೆ, ಕೆಳಗೆ” ಎನ್ನಲು ಮಗಳು.

ದೀಪ ಹಚ್ಚಿದಾಗ ಅವಳು ಮಾತಾಡಲಿಲ್ಲ. ತೊಟ್ಟಿಯ ಹಿಂದಿನ ಗೋಡೆ ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ. ಒಂದಡಿಯ ನೀರಿಗೆ ಕೊನೆಯೇ ಇಲ್ಲದಂತಿತ್ತು. ನಾಲ್ಕು ಮೀನುಗಳು ಕೆಂಡದ ಬಣ್ಣದಲ್ಲಿ ಆ ಕತ್ತಲೆಯಿಂದ ಬಂದವು, ತಿರುಗಿ ಕತ್ತಲೆಗೆ ಹೋದವು. ಗೋಲ್ಡ್‌ಫಿಶ್ ಮೈಯಲ್ಲಿ ಕಪ್ಪು ಕೋಶಗಳು ಕಡಿಮೆ, ಆದ್ದರಿಂದ ಇದು ಬಹುಪಾಲು ನಮ್ಮ ಕಣ್ಣಿನ ತುಲನೆಯೇ ಇರಬೇಕು. ಇರಲಿ. ಕಪ್ಪಿಗೆ ಒಂದು ದೋಷವಿದೆ, ಮುಂದಿನ ಗಾಜಿನ ಮೇಲೆ ಕೋಣೆಯ ಟ್ಯೂಬ್‌ಲೈಟ್, ಟಿವಿ, ನಮ್ಮ ಮುಖ ಎಲ್ಲ ಎದ್ದು ಕಾಣುತ್ತವೆ. ಹಾಲ್‌ನ ದೀಪ ಆರಿಸಿದರೆ ಸರಿಹೋಗುತ್ತದೆ. ಈಗ ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಟಿವಿಯನ್ನೂ ಆರಿಸುತ್ತೇವೆ.

ಹಳೆಯ ಸಮುದ್ರವನ್ನು ಎಸೆಯಲು ಅಮ್ಮ ಬಿಡಲಿಲ್ಲ. ಸೋಪು ಹಾಕಿ ತೊಳೆದು, ನಾಲ್ಕು ತುಂಡು ಮಾಡಿ ಅಡುಗೆಮನೆಯ ಶೆಲ್ಫಿಗೆ ಹಾಸಿದ್ದಾಳೆ. ಮೊನ್ನೆ ಸಾಸಿವೆ ಡಬ್ಬಿ ತೆಗೆಯುವಾಗ ನೋಡಿದೆ: ಒಗ್ಗರಣೆಯ ಜಿಡ್ಡು ಕೂತು, ಡಬ್ಬಿಯ ಕೆಳಗಿನ ಹವಳ ಫಳಫಳ ಹೊಳೆಯುತ್ತಿತ್ತು.